ಗೆರ್ಟ್ರೂಡ್ ಕ್ಲೈನೋವಾ ಆಮೇಲೆ ಏಕೆ ಆಡಲಿಲ್ಲ?

ಆತ್ಮೀಯ ಓದುಗರೇ,

ರಾಜ್ಯೋತ್ಸವ ಸಂಚಿಕೆಯ ಪುಟಗಳು ನಾಳೆ ಬೆಳಿಗ್ಗೆ ಮುದ್ರಣಕ್ಕೆ ಹೋಗಬೇಕು. ಖಾಲಿ ಉಳಿದಿರುವುದು ಈ ಅಂಕಣವೊಂದೇ. ಬೇರೇನೋ ಬರೆಯಲು ಕುಳಿತವಳಿಗೆ, ಕಳೆದ ಭಾನುವಾರದ ಕನ್ನಡ ತರಗತಿಯಲ್ಲಿ ಒಂಬತ್ತು ವರ್ಷದ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆ ಅಡ್ಡ ನಿಂತಿದೆ. ಶಾಲೆಯಲ್ಲಿ ಅವಳಿಗೆ ಚೆಕ್ ಗಣರಾಜ್ಯದ ನಮ್ಮ ಈ ಬ್ರ್ನೋ ನಗರದ ಕ್ರೀಡಾಪಟುವೊಬ್ಬರ ಬಗ್ಗೆ ಮಾತನಾಡಲು ಹೇಳಿದ್ದರಂತೆ. ತಾನೂ ಟೇಬಲ್ ಟೆನಿಸ್ ಕಲಿಯುತ್ತಿರುವುದರಿಂದ ವಿಶ್ವ ಚಾಂಪಿಯನ್ನರ ಪಟ್ಟಿಯನ್ನೇ ತಂದಿದ್ದ ಅವಳು, ಗೆರ್ಟ್ರೂಡ್ ಕ್ಲೈನೋವಾ ಎಂಬ ಹೆಸರಿನ ಮೇಲೆ ಬೆರಳಿಟ್ಟು, "ಆಂಟಿ, ಇವ್ರು 1935, 36ರಲ್ಲಿ ಗೆದ್ದಿದ್ದಾರೆ. ಆಮೇಲೆ ಹೆಸ್ರೇ ಇಲ್ಲ. ಮದ್ವೆ ಆಗೋಯ್ತಾ?" ಎಂದಳು. ಕೊಠಡಿಯಲ್ಲಿದ್ದ ತಾಯಂದಿರೆಲ್ಲ ನಕ್ಕೆವು. ನನ್ನ ನಗು ಬೇಗ ನಿಂತಿತು.

ಕ್ಲೈನೋವಾ 1918ರಲ್ಲಿ ಬ್ರ್ನೋದ ಯೆಹೂದಿ ಕುಟುಂಬದಲ್ಲಿ ಹುಟ್ಟಿದವರು. 1935ರಲ್ಲಿ ಲಂಡನ್ನಿನಲ್ಲಿ, ವಿಶ್ವ ಚಾಂಪಿಯನ್‌ಷಿಪ್‌ನ ಮಹಿಳಾ ತಂಡ ಪ್ರಶಸ್ತಿಯಾದ ಕಾರ್ಬಿಲಾನ್ ಕಪ್ಪನ್ನು ಚೆಕೊಸ್ಲೊವಾಕಿಯ ಗೆದ್ದಾಗ ಅವರಿಗೆ 16 ವರ್ಷ. ತಂಡದ ದೊಡ್ಡ ಹೆಸರು, 1934 ಮತ್ತು 1935ರ ಸಿಂಗಲ್ಸ್ ವಿಶ್ವ ಚಾಂಪಿಯನ್ ಮಾರಿಯೆ ಕೆಟ್ನೆರೋವಾ ಅವರದು. ಮರುವರ್ಷ ಪ್ರಾಗ್‌ನಲ್ಲಿ, ತವರಿನ ಜನರ ಮುಂದೆ, ತಂಡ ಕಪ್ಪನ್ನು ಉಳಿಸಿಕೊಂಡಿತು; ಜೊತೆಗೆ ಮಿಲೋಸ್ಲಾವ್ ಹಮ್ರ್ ಅವರೊಂದಿಗೆ ಆಡಿ ಮಿಶ್ರ ಡಬಲ್ಸ್ ಪ್ರಶಸ್ತಿಯನ್ನೂ ಕ್ಲೈನೋವಾ ಗೆದ್ದರು. ಹದಿನೇಳು ತುಂಬಿದ ಹುಡುಗಿಗೆ ಮೂರು ವಿಶ್ವ ಪ್ರಶಸ್ತಿಗಳು.

ಆ ಮಗುವಿನ ಊಹೆಯಲ್ಲಿ ತಪ್ಪೇನೂ ಇಲ್ಲ. ಅದು ನಮ್ಮ ಮನೆಗಳಲ್ಲೇ ಅವಳ ಕಿವಿಗೆ ಬಿದ್ದ ಮಾತು. ಬೇಸಿಗೆ ರಜೆಗೆ ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನ ದೊಡ್ಡಪ್ಪನ ಮನೆಗೆ ಹೋದಾಗ, ಇಸ್ಪೀಟಿನ ಗಂಡಸರು ಬರುವ ಮುಂಚೆ, ಮಧ್ಯಾಹ್ನ ಮೂರರಿಂದ ಐದರವರೆಗೆ ಕ್ಲಬ್ಬಿನ ಟೇಬಲ್ಲು ನಮ್ಮದಾಗಿರುತ್ತಿತ್ತು. ನೆಟ್ಟಿನ ಒಂದು ಕ್ಲಾಂಪು ಮುರಿದಿದ್ದರಿಂದ ಆ ತುದಿಯನ್ನು ಸೆಣಬಿನ ಹುರಿಯಿಂದ ಬಿಗಿದು, ಬ್ಯಾಟನ್ನು ಅಡ್ಡಲಾಗಿ ಹಿಡಿದು ಎತ್ತರ ನೋಡುತ್ತಿದ್ದೆವು. ಚೆಂಡು ನೆಗ್ಗಿದರೆ, ದೊಡ್ಡಮ್ಮ ಕಾಫಿಗೆಂದು ಕುದಿಯಲಿಟ್ಟ ನೀರಿನಲ್ಲಿ ಅಕ್ಕ ಅದನ್ನು ಚಮಚದಿಂದ ಅದುಮಿ ಹಿಡಿಯುತ್ತಿದ್ದಳು. ನೆಗ್ಗು ಟಪ್ಪೆಂದು ಎದ್ದುಬರುತ್ತಿತ್ತು. ಅದೇ ನೀರಿನಲ್ಲಿ ಡಿಕಾಕ್ಷನ್ ಇಳಿಯುತ್ತಿತ್ತೆಂಬುದು ದೊಡ್ಡಪ್ಪನಿಗೆ ಕೊನೆಯವರೆಗೂ ತಿಳಿಯಲಿಲ್ಲ. ಅಕ್ಕನಿಗೆ ನಾವಿಟ್ಟ ಹೆಸರು 'ಗೋಡೆ'. ಅವಳು ಹೊಡೆಯುತ್ತಿರಲಿಲ್ಲ, ಬಂದದ್ದನ್ನೆಲ್ಲ ತಳ್ಳುತ್ತಿದ್ದಳು. ಗೂಡ್ಸ್ ಗಾಡಿಯೊಂದು ಪೂರ್ತಿ ದಾಟಿ ಹೋದರೂ ಒಂದು ಪಾಯಿಂಟ್ ಮುಗಿಯುತ್ತಿರಲಿಲ್ಲ. ಮದುವೆಯಾದ ಮೇಲೆ ಅವಳ ಬ್ಯಾಟು ಅಟ್ಟ ಸೇರಿತು.

ಅಕ್ಕನಂಥವರ ಆಟ ಎಲ್ಲಿಗೆ ಮುಟ್ಟಬಹುದೆಂಬುದನ್ನು ಕ್ಲೈನೋವಾ ಗೆದ್ದ 1936ರ ಆ ಪ್ರಾಗ್ ಕೂಟವೇ ತೋರಿಸಿತು. ಪೋಲೆಂಡಿನ ಅಲೋಯ್ಜಿ ಎರ್ಲಿಖ್ ಮತ್ತು ರೊಮಾನಿಯದ ಪಾನೆಟ್ ಫರ್ಕಾಸ್ ನಡುವಿನ ಪಂದ್ಯದ ಮೊದಲ ಪಾಯಿಂಟೊಂದೇ ಎರಡು ಗಂಟೆಗೂ ಮಿಕ್ಕಿ ನಡೆಯಿತು. ಇಂಥ ತಳ್ಳಾಟಕ್ಕೆ ಕಡಿವಾಣ ಹಾಕಲು ಆಮೇಲೆ ನೆಟ್ಟನ್ನು 6¾ ಇಂಚಿನಿಂದ 6 ಇಂಚಿಗೆ ಇಳಿಸಿದರು. ಅರಸೀಕೆರೆಯಲ್ಲಿ ನಾವು ಬ್ಯಾಟು ಹಿಡಿದು ಅಳೆಯುತ್ತಿದ್ದುದು ಈ ಇಳಿಸಿದ ಎತ್ತರವನ್ನು.

ಕ್ಲೈನೋವಾ ಅವರ ಮದುವೆಯೇನೋ ಆಗಿತ್ತು, ತಮ್ಮ ತರಬೇತುದಾರರೊಂದಿಗೇ. ಆಟ ನಿಂತದ್ದು ಅದರಿಂದಲ್ಲ. 1939ರ ಮಾರ್ಚ್ ಮೊದಲ ಭಾಗದಲ್ಲಿ ಕೈರೋದಲ್ಲಿ ವಿಶ್ವ ಚಾಂಪಿಯನ್‌ಷಿಪ್ ಮುಗಿದ ಕೆಲವೇ ದಿನಗಳಲ್ಲಿ, 15ರಂದು, ಹಿಟ್ಲರನ ಸೇನೆ ಪ್ರಾಗ್ ಹೊಕ್ಕಿತು. 1941ರ ಡಿಸೆಂಬರಿನಲ್ಲಿ ಈ ದಂಪತಿಯನ್ನು, ನಾಜಿಗಳು ಯೆಹೂದಿಗಳನ್ನು ಕೂಡಿಹಾಕುತ್ತಿದ್ದ ತೆರೆಜೀನ್ ಘೆಟ್ಟೋಗೆ, 1944ರಲ್ಲಿ ಅಲ್ಲಿಂದ ಆಶ್ವಿಟ್ಸ್ ಸಾವಿನ ಶಿಬಿರಕ್ಕೆ ಸಾಗಿಸಲಾಯಿತು. ಪತಿ ಉಳಿಯಲಿಲ್ಲ, ಅವರು ಉಳಿದರು. ವಿಶ್ವ ಚಾಂಪಿಯನ್‌ಷಿಪ್ ಮತ್ತೆ ನಡೆದದ್ದು 1947ರಲ್ಲಿ, ಪ್ಯಾರಿಸ್ಸಿನಲ್ಲಿ. ಆಗ ಅವರಿಗಿನ್ನೂ 28. ಮುಂದೆ ಅಮೆರಿಕಕ್ಕೆ ಹೋಗಿ ನೆಲೆಸಿ, 1976ರಲ್ಲಿ ತೀರಿಕೊಂಡರು.

ಬ್ರ್ನೋದ ಯೆಹೂದಿಗಳನ್ನು ರೈಲು ಹತ್ತಿಸುವ ಮುನ್ನ ಕೂಡಿಹಾಕುತ್ತಿದ್ದುದು ಮೆರ್ಹೌಟೋವಾ ರಸ್ತೆಯ ಶಾಲೆಯೊಂದರಲ್ಲಿ. ಇಲ್ಲಿಯವರು 'ಶಾಲಿನಾ' ಎಂದು ಕರೆಯುವ ನಮ್ಮ ಟ್ರಾಮು ಆ ರಸ್ತೆಯಲ್ಲೇ ಓಡುತ್ತದೆ. ತರಕಾರಿ ಚೀಲ ತೊಡೆಯ ಮೇಲಿಟ್ಟುಕೊಂಡು, ಊರಿಗೆ ಫೋನು ಮಾಡುತ್ತಾ, ನಾನೇ ಎಷ್ಟೋ ಸಲ ಅದರ ಮುಂದೆ ಹಾದುಹೋಗಿದ್ದೇನೆ. ಮಗುವಿಗೆ ಅಂದು ನಾನು ಹೇಳಿದ್ದು, "ಯುದ್ಧ ಬಂತು, ಪುಟ್ಟಿ" ಎಂದಷ್ಟೇ. ಉಳಿದದ್ದನ್ನು ಒಂಬತ್ತರ ವಯಸ್ಸಿಗೆ ಎಷ್ಟು ಹೇಳಬೇಕೆಂದು ಅವಳ ತಾಯಿ ನನ್ನನ್ನೂ, ನಾನು ಅವರನ್ನೂ ಕೇಳಿಕೊಂಡೆವು. ಅವಳು ಪಟ್ಟಿಯನ್ನು ಮಡಚಿ ಚೀಲಕ್ಕೆ ಹಾಕುತ್ತಾ, "ಹಾಗಾದ್ರೆ ಔಟ್ ಆಗಿಲ್ಲ" ಎಂದಳು.

ಜಾಗ ಮುಗಿಯುತ್ತಿದೆ, ಇನ್ನು ಸೂಚನೆಗಳು. ರಾಜ್ಯೋತ್ಸವ ನವೆಂಬರ್ ಮೊದಲ ಶನಿವಾರ ಮಧ್ಯಾಹ್ನ ಮೂರಕ್ಕೆ, ಎಂದಿನ ಸಭಾಂಗಣದಲ್ಲಿ. ನಾಡಗೀತೆಗೆ ನಿಲ್ಲುವ ಮಕ್ಕಳು ಎರಡೂವರೆಗೇ ಬರಬೇಕು. ಬಿಸಿಬೇಳೆಭಾತ್ ಸಂಘದ್ದು, ತಟ್ಟೆ ಲೋಟ ನಿಮ್ಮವು. ದೀಪಾವಳಿ ಪಾತ್ರೆಗಳನ್ನು ಇನ್ನೂ ಮರಳಿಸದವರ ಪಟ್ಟಿ ನನ್ನ ಬಳಿ ಇದೆ, ಹೆಸರು ಹಾಕುತ್ತಿಲ್ಲ. ಈ ಸಲ ಊಟಕ್ಕೆ ಮುಂಚೆ ಮಕ್ಕಳಿಗೆ ಟೇಬಲ್ ಟೆನಿಸ್ ಪಂದ್ಯಗಳಿವೆ. ಪುಟ ವಿನ್ಯಾಸ ಮಾಡುತ್ತಿದ್ದ ಗೆಳತಿ ಸಂಸಾರ ಸಮೇತ ಮ್ಯೂನಿಕ್ಕಿಗೆ ಹೊರಟುಹೋದ ಮೇಲೆ ಬರೆಯುವುದು, ತಿದ್ದುವುದು, ಜೋಡಿಸುವುದು ಎಲ್ಲವೂ ನನ್ನ ತಲೆಗೇ ಬಂದಿದ್ದು, ಯುಗಾದಿ ಸಂಚಿಕೆಯನ್ನು ಒಬ್ಬಳೇ ತರಲಾರೆ; ವಾರಕ್ಕೆ ಎರಡು ಗಂಟೆ ಕೊಡಬಲ್ಲವರು ದಯವಿಟ್ಟು ಮುಂದೆ ಬನ್ನಿ. ಹಾಗೆಯೇ, ಕಳೆದ ಪಿಕ್ನಿಕ್ಕಿನಿಂದ ಸಂಘದ ನೆಟ್ಟಿನ ಒಂದು ಕ್ಲಾಂಪು ಯಾರದೋ ಕಾರಿನಲ್ಲಿ ಉಳಿದಿದೆ. ಶನಿವಾರದೊಳಗೆ ಸಿಗದಿದ್ದರೆ ಸೆಣಬಿನ ಹುರಿ ನಾನೇ ತರುತ್ತೇನೆ.

ಇತಿ,
ಸಂಪಾದಕಿ