ಹಳೇ ಜಿಪ್ಸಿ ಇಟ್ಟುಕೊಂಡವರಿಗೆ

ಎಲ್ಲರಿಗೂ ನಮಸ್ಕಾರ. 970 ಸಿಸಿ ಇಂಜಿನ್ನಿನ, ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಇರುವ ಮಾರುತಿ ಜಿಪ್ಸಿ ಇಟ್ಟುಕೊಂಡವರು ಭಾನುವಾರ ಘಾಟಿ ಹತ್ತುವ ಮುಂಚೆ ಇಷ್ಟು ನೋಡಿಕೊಳ್ಳಿ.

ಐಡ್ಲಿಂಗ್, ಅಂದರೆ ಗಾಡಿ ನಿಂತಿರುವಾಗಿನ ಇಂಜಿನ್ ಓಟ, ಏರಿಳಿಯುತ್ತಿದ್ದರೆ ಸುಮ್ನೆ ಕಾರ್ಬುರೇಟರ್ ಸ್ಕ್ರೂ ತಿರುಗಿಸಬೇಡಿ. ಎಲ್ಲಿಂದಾದರೂ ಹೊರಗಿನ ಗಾಳಿ ಒಳಹೋಗುತ್ತಿರಬಹುದು, ಮೊದಲು ವ್ಯಾಕ್ಯೂಮ್ ಪೈಪುಗಳನ್ನು (ಇಂಜಿನ್ನಿನ ಎಳೆತ ಸಾಗಿಸುವ ಸಣ್ಣ ರಬ್ಬರ್ ಪೈಪುಗಳು) ಬಗ್ಗಿಸಿ ನೋಡಿ. ನನ್ನ ಗಾಡಿಯಲ್ಲಿ ಮೇಲಿಂದ ಚೆನ್ನಾಗಿಯೇ ಕಂಡ ಪೈಪು, ಬಗ್ಗಿಸಿದಾಗ ತುದಿಯಲ್ಲಿ ಕೂದಲೆಳೆಯಷ್ಟು ಬಿರುಕು ತೋರಿಸಿತು. ಅರ್ಧ ಇಂಚು ಕತ್ತರಿಸಿ ಮತ್ತೆ ಸಿಕ್ಕಿಸಿದೆ, ಸರಿಹೋಯಿತು. ಬಿರುಕು ಸಿಗದಿದ್ದರೆ ಇಂಜಿನ್ ಓಡುತ್ತಿರುವಾಗ ಕಾರ್ಬುರೇಟರ್ ಬುಡದ ಗ್ಯಾಸ್ಕೆಟ್ (ಸಂದು ಮುಚ್ಚುವ ಹಾಳೆ) ಸುತ್ತ ಸ್ಪ್ರೇ ಬಾಟಲಿಯಿಂದ ಸ್ವಲ್ಪವೇ ನೀರು ಹೊಡೆಯಿರಿ, ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ನೆನೆಯಬಾರದು. ಇಂಜಿನ್ ಸದ್ದು ಬದಲಾದರೆ ಗಾಳಿ ಎಳೆಯುತ್ತಿರುವುದು ಅಲ್ಲೇ. ಪೆಟ್ರೋಲ್ ಮಾತ್ರ ಚಿಮುಕಿಸಬೇಡಿ, ಬೆಂಕಿ ಹತ್ತೀತು.

ಏರಿನಲ್ಲಷ್ಟೇ ಗಾಡಿ ಮುಗ್ಗರಿಸಿದರೆ ಪೆಟ್ರೋಲ್ ಫಿಲ್ಟರ್, ಇಂಜಿನ್‌ಗೆ ಪೆಟ್ರೋಲ್ ತಳ್ಳುವ ಪಂಪ್ ನೋಡಿಸಿ. ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ ಪೆಟ್ರೋಲ್ ವಾಸನೆ ಹೊಡೆದರೆ ಪಂಪಿನ ಡಯಾಫ್ರಾಮ್ (ಒಳಗಿನ ಪೊರೆ) ಹರಿದು ಪೆಟ್ರೋಲ್ ಆಯಿಲ್‌ಗೆ ಸೇರುತ್ತಿರಬಹುದು. ಅಂಥ ಗಾಡಿ ದಯವಿಟ್ಟು ತರಬೇಡಿ, ನನ್ನ ಗಾಡಿಯಲ್ಲಿ ಜಾಗ ಇದೆ.