ಹಳೆ ಪಿಕಪ್ ಕೊಳ್ಳುವ ಮುನ್ನ ಅಡಿಗೆ ಬಗ್ಗಿ ನೋಡಿ

ಮಾನ್ಯರೆ,

ಹಳೆಯ ಬೊಲೆರೊ ಪಿಕಪ್, ದೋಸ್ತ್, ಟಾಟಾ 207 ನೋಡಲು ಹೋದವರು ಬಾಯಿ ಬಿಟ್ಟೊಡನೆ ಕೇಳುವುದು ‘ಎಷ್ಟು ಕಿ.ಮೀ. ಓಡಿದೆ?’ ಎಂದು. ಬಾಡಿಗೆಗೆ ದುಡಿದ ಗಾಡಿಯ ಮೀಟರನ್ನು ನಂಬಿ ಬೆಲೆ ಕಟ್ಟುವುದು ದಡ್ಡತನ. ದಿನಕ್ಕೆ 100 ಕಿ.ಮೀ.ನಂತೆ ವರ್ಷಕ್ಕೆ 300 ದಿನ ಓಡಿದರೂ ಎಂಟು ವರ್ಷಕ್ಕೆ 2.4 ಲಕ್ಷ ಆಗುತ್ತದೆ. ಅಂಥ ಗಾಡಿ 85 ಸಾವಿರ ತೋರಿಸುತ್ತಿದ್ದರೆ ಸವೆದು ನುಣುಪಾದ ಬ್ರೇಕ್ ಪೆಡಲ್ ರಬ್ಬರು, ಜೋತುಬಿದ್ದ ಡ್ರೈವರ್ ಬಾಗಿಲು ನಿಜ ಹೇಳುತ್ತವೆ. ಕೇಳಬೇಕಾದ ಪ್ರಶ್ನೆ ಬೇರೆ: ಇದರಲ್ಲಿ ಏನು ಹೇರುತ್ತಿದ್ದರು?

ಕರಾವಳಿಯ ಗಾಡಿ ಅಗ್ಗಕ್ಕೆ ಸಿಕ್ಕಿತೆಂದು ಘಟ್ಟ ಹತ್ತಿಸುವವರು ಇದನ್ನು ಮರೆಯಬಾರದು. ಮಲ್ಪೆ, ಮಂಗಳೂರು, ಕಾರವಾರದಿಂದ ಮೀನು ಸಾಗಿಸಿದ ಪಿಕಪ್‌ನಲ್ಲಿ ಮಂಜುಗಡ್ಡೆ ಕರಗಿದ ಉಪ್ಪುನೀರು ಬಾಡಿಯ ಸಂದಿಯಿಂದ ಚಾಸಿಯ (ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟು) ಮೇಲೆ ತೊಟ್ಟಿಕ್ಕುತ್ತಲೇ ಇರುತ್ತದೆ. ಮೇಲೆ ಟಿಂಕರಿಂಗ್, ಪೇಂಟ್ ಮುಗಿದು ಗಾಡಿ ಮದುವೆಗೆ ಹೊರಟಂತೆ ನಿಂತಿರುತ್ತದೆ. ಕೊಳೆತಿರುವುದು ಬಾಡಿಯ ಅಡ್ಡಪಟ್ಟಿ ಚಾಸಿಯ ಮೇಲೆ ಕೂರುವ ಜಾಗ, ಚಾಸಿಯ ಒಳಮೈ, ಹಿಂದಿನ ಕಮಾನು ಪ್ಲೇಟುಗಳು (ಭಾರ ಹೊರುವ ಪಟ್ಟಿ ಸ್ಪ್ರಿಂಗು) ನೇತಾಡುವ ಬ್ರಾಕೆಟ್. ಒಂದು ಗೋಣಿಚೀಲ ಹಾಸಿ ಅಡಿಗೆ ಮಲಗಿ, ಸಣ್ಣ ಸುತ್ತಿಗೆಯಿಂದ ಚಾಸಿಯ ಉದ್ದಕ್ಕೂ ತಟ್ಟುತ್ತ ಬನ್ನಿ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ. ಪದರ ಎದ್ದ ಕಡೆ ಸದ್ದು ಸತ್ತು, ಚಕ್ಕೆ ಮುಖದ ಮೇಲೆ ಉದುರುತ್ತದೆ, ಕಣ್ಣು ಜೋಪಾನ. ಅಡಿಗೆ ಹೊಸದಾಗಿ ಕಪ್ಪು ಪೇಂಟ್ ಬಳಿದಿದ್ದರೆ ಸ್ಕ್ರೂ ಡ್ರೈವರ್ ಚುಚ್ಚಿ ನೋಡಿ. ‘ಗೀರು ಬೀಳುತ್ತದೆ’ ಎಂದು ಮಾರುವವರು ಗೊಣಗಿದರೆ ಅದೂ ಒಂದು ಉತ್ತರವೇ.

ಇಂಥ ಗಾಡಿಗಳಲ್ಲಿ ಚಾಸಿ ನಂಬರ್ ಒತ್ತಿದ ಜಾಗವನ್ನೇ ತುಕ್ಕು ತಿಂದಿರುವುದುಂಟು. ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ಪ್ರತಿ ಅಕ್ಷರ, ಅಂಕಿ ಮೂಡಬೇಕು, ಆರ್‌ಸಿಯಲ್ಲಿರುವುದಕ್ಕೆ ಹೊಂದಬೇಕು. ಹೆಸರು ಬದಲಾಯಿಸಲು ಹೋದಾಗ ಆರ್‌ಟಿಒ ಕಚೇರಿಯಲ್ಲಿ ಈ ಅಚ್ಚು ಬೇಕಾಗುತ್ತದೆ. ನಂಬರಿನ ಸುತ್ತ ಗ್ರೈಂಡರ್ ಆಡಿಸಿದ ಗುರುತು ಕಂಡರೆ ಮಾತುಕತೆ ಅಲ್ಲಿಗೇ ನಿಲ್ಲಿಸಿ.

ಜಲ್ಲಿ, ಎಂ ಸ್ಯಾಂಡ್ ಹೊತ್ತ ಗಾಡಿಯ ಕಥೆ ಬೇರೆ. ಹಿಂದಿನ ಕಮಾನಿನ ಪ್ಲೇಟುಗಳನ್ನು ಎರಡೂ ಬದಿ ಎಣಿಸಿ. ಕಂಪನಿ ಕೊಟ್ಟದ್ದಕ್ಕಿಂತ ಒಂದೋ ಎರಡೋ ಹೆಚ್ಚಿದ್ದರೆ ಮಿತಿ ಮೀರಿ ಹೇರಿದ್ದಾರೆ ಎಂದೇ ಲೆಕ್ಕ. ಪ್ಲೇಟ್ ಸೇರಿಸಿದರೆ ಕಮಾನು ತಡೆಯುತ್ತದೆ, ಆದರೆ ಆ ಹೊಡೆತ ನೇರವಾಗಿ ಚಾಸಿಗೆ, ಹಿಂದಿನ ಆಕ್ಸಲ್ ಹೌಸಿಂಗ್‌ಗೆ ಹೋಗುತ್ತದೆ. ಕ್ಯಾಬಿನ್ನಿನ ಬೆನ್ನಿಗೆ, ಕಮಾನಿನ ಬ್ರಾಕೆಟ್ ಸುತ್ತ ಕೂದಲೆಳೆಯ ಬಿರುಕು, ವೆಲ್ಡಿಂಗ್ ತೇಪೆ ಹುಡುಕಿ. ಟೇಪ್ ಹಿಡಿದು ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಎಡ-ಬಲ ಎರಡೂ ಅಳೆಯಿರಿ. ಚಕ್ರ ನೇರವಾಗಿದ್ದೂ ಒಂದು ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಕಮಾನಿನ ಸೆಂಟರ್ ಬೋಲ್ಟ್ ತುಂಡಾಗಿ ಆಕ್ಸಲ್ ಸರಿದಿರಬಹುದು, ಇಲ್ಲವೇ ಚಾಸಿ ಸೊಟ್ಟಗಾಗಿರಬಹುದು. ಬೋಲ್ಟ್ ಆದರೆ ಸಣ್ಣ ಕೆಲಸ. ಚಾಸಿ ಆದರೆ ಬೇಡ.

ಎಂಜಿನ್ನನ್ನು ತಣ್ಣಗಿರುವಾಗಲೇ ನೋಡಬೇಕು. ಬೆಳಿಗ್ಗೆ ಹೇಳದೆ ಹೋಗಿ ರೇಡಿಯೇಟರ್ ಮುಟ್ಟಿ. ಬಿಸಿಯಿದ್ದರೆ ನಿಮಗಾಗಿ ಯಾರೋ ಮೊದಲೇ ಸ್ಟಾರ್ಟ್ ಮಾಡಿದ್ದಾರೆ. ತಣ್ಣಗಿದ್ದರೆ ಮುಚ್ಚಳ ತೆಗೆದು ನೋಡಿ: ತುಕ್ಕಿನ ಬಣ್ಣದ ನೀರು ಬಂದರೆ ಕೂಲೆಂಟ್ ಹಾಕದೆ ಬರೀ ನೀರಲ್ಲಿ ಓಡಿಸಿದ್ದಾರೆ, ಎಣ್ಣೆ ತೇಲುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಅಥವಾ ಆಯಿಲ್ ಕೂಲರ್ ಮೇಲೆ ಅನುಮಾನ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಕಪ್ಪಗಿದೆ ಎಂದು ಹೆದರುವವರಿದ್ದಾರೆ. ಡೀಸೆಲ್ ಎಂಜಿನ್ನಲ್ಲಿ ಹೊಸ ಆಯಿಲ್ ಕೂಡ ಬೇಗ ಕಪ್ಪಾಗುತ್ತದೆ, ಅದು ದೋಷವಲ್ಲ. ಹಾಲು ಬೆರೆಸಿದ ಕಾಫಿಯ ಬಣ್ಣ ಬಂದರೆ ನೀರು ಸೇರಿದೆ. ಮಟ್ಟ ಏರಿ ಡೀಸೆಲ್ ವಾಸನೆ ಬಂದರೆ ಪಂಪು ಅಥವಾ ಇಂಜೆಕ್ಟರ್ ಕಡೆಯಿಂದ ಡೀಸೆಲ್ ಇಳಿಯುತ್ತಿದೆ, ಬೇರಿಂಗ್‌ಗಳಿಗೆ ಅದು ಕೇಡು.

ಸ್ಟಾರ್ಟ್ ಮಾಡಿದಾಗ ಕ್ಷಣಕಾಲ ಬಿಳಿ ಹೊಗೆ ಬಂದು ಹೋದರೆ ಚಿಂತೆಯಿಲ್ಲ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ ರೇಡಿಯೇಟರ್ ನೀರು ಇಳಿಯುತ್ತಿದ್ದರೆ ಹೆಡ್ ಬಿಚ್ಚುವ ಖರ್ಚು ಕಾದಿದೆ. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ, ಕಾರಣ ಪಿಸ್ಟನ್ ರಿಂಗು, ವಾಲ್ವ್ ಸೀಲ್ ಅಥವಾ ಟರ್ಬೊ. ಎಳೆಯುವಾಗ ದಟ್ಟ ಕಪ್ಪು ಬಂದರೆ ಏರ್ ಫಿಲ್ಟರ್, ಬಿರುಕು ಬಿಟ್ಟ ಟರ್ಬೊ ಹೋಸ್ ಮೊದಲು ನೋಡಿ; ಅವು ಸರಿಯಿದ್ದರೆ ಇಂಜೆಕ್ಟರ್. ಆಮೇಲೆ ಬ್ಯಾಕ್ ಕಂಪ್ರೆಷನ್, ಅಂದರೆ ಸಿಲಿಂಡರಿನ ಒತ್ತಡ ಪಿಸ್ಟನ್ ದಾಟಿ ಕೆಳಗೆ ನುಸುಳುವುದು. ಎಂಜಿನ್ ಬಿಸಿಯಾಗಿ ಐಡ್ಲಿಂಗ್‌ನಲ್ಲಿರುವಾಗ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ, ಬಾಯಿಯ ಮೇಲೆ ಬೋರಲಾಗಿಡಿ. ತುಸು ನಡುಗಿದರೆ ಸಹಜ. ಕುಣಿದು ಕೆಳಗೆ ಬಿದ್ದರೆ, ರೈಲಿನಂತೆ ಬುಸ್ ಬುಸ್ ಹೊಗೆ ಬಂದರೆ, ರಿಂಗು, ಬೋರು ಸವೆದಿವೆ. ಎಂಜಿನ್ ಇಳಿಸುವ ಖರ್ಚನ್ನು ಬೆಲೆಯಿಂದ ಕಳೆದೇ ಮಾತಾಡಿ.

ಹಳೆ ಡಿಐ (ಮೆಕ್ಯಾನಿಕಲ್ ಪಂಪಿನ) ಎಂಜಿನ್ನಿನ ಪಂಪು, ನಾಜಲ್ ಕೆಲಸವನ್ನು ತಾಲ್ಲೂಕು ಕೇಂದ್ರದಲ್ಲೂ ಮಾಡಿಸಬಹುದು. ಕಂಪ್ಯೂಟರ್ ನಿಯಂತ್ರಣದಲ್ಲಿ ಡೀಸೆಲ್ ಹೊಡೆಯುವ ಕಾಮನ್ ರೈಲ್ ಗಾಡಿಗೆ ಸ್ಕ್ಯಾನರ್ ಬೇಕು, ಟೆಸ್ಟ್ ಬೆಂಚ್ ಬೇಕು, ಇಂಜೆಕ್ಟರ್ ಒಂದೊಂದಕ್ಕೂ ಸಾವಿರಗಟ್ಟಲೆ ಬೇಕು. ಮೆಕ್ಯಾನಿಕ್ಕನಿಂದ ರಿಟರ್ನ್ ಟೆಸ್ಟ್ ಮಾಡಿಸಿ: ಪ್ರತಿ ಇಂಜೆಕ್ಟರಿನ ರಿಟರ್ನ್ ಪೈಪಿಗೆ ಒಂದೊಂದು ಸಣ್ಣ ಬಾಟಲಿ ಕಟ್ಟಿ ಎಂಜಿನ್ ಓಡಿಸಿದರೆ ಎಲ್ಲದರಲ್ಲೂ ಹೆಚ್ಚುಕಡಿಮೆ ಸಮ ಡೀಸೆಲ್ ಸೇರಬೇಕು. ಒಂದು ಮಾತ್ರ ಬೇಗ ತುಂಬಿದರೆ ಆ ಇಂಜೆಕ್ಟರ್ ಒಳಗೆ ಸವೆದಿದೆ. ಇನ್ನೊಂದು ಚಾಲಾಕಿ ಉಂಟು. ಕೀ ಆನ್ ಮಾಡಿದಾಗ ಮೀಟರಿನಲ್ಲಿ ಚೆಕ್ ಎಂಜಿನ್ ದೀಪ ಹೊತ್ತಿ, ಸ್ಟಾರ್ಟ್ ಆದ ಮೇಲೆ ಆರಬೇಕು. ಹೊತ್ತಲೇ ಇಲ್ಲವೆಂದರೆ ದೋಷ ಮುಚ್ಚಲು ದೀಪವನ್ನೇ ತೆಗೆದಿರಬಹುದು.

ಖಾಲಿ ಗಾಡಿ ಓಡಿಸಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಹತ್ತಿಪ್ಪತ್ತು ಸಿಮೆಂಟ್ ಮೂಟೆಯಾದರೂ ಹೇರಿ, ಏರು ಹತ್ತಿಸಿ. ನಾಲ್ಕನೇ ಗೇರಿನಲ್ಲಿ ಒತ್ತಿದಾಗ ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಮುಗಿದಿದೆ. ಇಳಿಜಾರಿನಲ್ಲಿ ಕಾಲೆತ್ತಿದಾಗ ಗೇರ್ ತಾನೇ ಹಾರಿದರೆ ಗೇರ್‌ಬಾಕ್ಸ್ ಬಿಚ್ಚಬೇಕು. ಹೊರಡುವಾಗ ‘ಟಕ್’ ಎಂದರೆ ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟ್ ಕ್ರಾಸ್, ಸಣ್ಣ ಖರ್ಚು. ವೇಗದಲ್ಲಿ ಹಿಂದಿನಿಂದ ಒಂದೇ ಸಮನೆ ‘ಊಂ’ ಎಂದು ಕೂಗಿದರೆ ಹಿಂದಿನ ಆಕ್ಸಲ್ಲಿನ ಹಲ್ಲುಚಕ್ರ ಕ್ರೌನ್ ಪಿನಿಯನ್, ಸಣ್ಣದಲ್ಲ.

ಟೈರಿನ ಗೋಡೆಯಲ್ಲಿ ನಾಲ್ಕು ಅಂಕಿ ಇರುತ್ತವೆ. 3219 ಎಂದರೆ 2019ರ 32ನೇ ವಾರದ್ದು. ರಿಟ್ರೆಡ್ ಮಾಡಿಸಿ (ಸವೆದ ಮೇಲ್ಮೈಗೆ ಹೊಸ ರಬ್ಬರು ಹಾಕಿಸಿ) ಹೊಳೆಯಿಸಿದ ಟೈರು ‘ಹೊಸದು’ ಎಂದರೆ ಅಂಕಿ ತೋರಿಸಿ.

ಇನ್ನು ಕಾಗದ. ಆರ್‌ಸಿಯಲ್ಲಿ ಎಚ್‌ಪಿ (ಗಾಡಿ ಸಾಲಕ್ಕೆ ಅಡವಿದೆ ಎಂಬ) ನಮೂದಿದ್ದರೆ ‘ಸಾಲ ತೀರಿದೆ’ ಎಂಬ ಬಾಯಿಮಾತು ಸಾಲದು, ಸಾಲ ಕೊಟ್ಟವರ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಅಡವು ತೆಗೆಸುವ ನಮೂನೆ 35 ಬೇಕು. ತೆರಿಗೆ, ಇ-ಚಲನ್ ಬಾಕಿ, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಅವಧಿ ನೋಡಿ. ಎಂಟು ವರ್ಷ ದಾಟಿದ ಸರಕು ವಾಹನಕ್ಕೆ ಎಫ್‌ಸಿ ಪ್ರತಿ ವರ್ಷ ಮಾಡಿಸಬೇಕು. ಒಟ್ಟು ತೂಕ 3,000 ಕೆ.ಜಿ. ಮೀರಿದರೆ ಪರ್ಮಿಟ್ ಬೇಕು. ಹೆಸರು ಬದಲಾಯಿಸುವ ನಮೂನೆ 29, 30ಕ್ಕೆ ಸಹಿ ಹಾಕಿಸಿಕೊಂಡು ತಿಂಗಳುಗಟ್ಟಲೆ ಡ್ಯಾಶ್‌ಬೋರ್ಡಿನಲ್ಲಿ ಇಟ್ಟುಕೊಳ್ಳುವ ರೂಢಿ ಇಬ್ಬರಿಗೂ ಅಪಾಯ. ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ವಿಮೆಯನ್ನು 14 ದಿನದೊಳಗೆ ತಮ್ಮ ಹೆಸರಿಗೆ ಕೇಳಬೇಕು. ನೋಂದಣಿ ಯಾರ ಹೆಸರಿನಲ್ಲಿದೆಯೋ ಅಪಘಾತದ ಪರಿಹಾರಕ್ಕೆ ಅವರೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಆದ್ದರಿಂದ ಮಾರುವವರೂ ಕೊಳ್ಳುವವರೂ ಡೆಲಿವರಿ ನೋಟ್‌ನಲ್ಲಿ ದಿನಾಂಕದ ಜೊತೆ ಗಂಟೆಯನ್ನೂ ಬರೆದು ಸಹಿ ಮಾಡಿ. ಬೆಳಿಗ್ಗೆ ಹತ್ತಕ್ಕೆ ಬಿದ್ದ ಚಲನ್ ಯಾರ ಲೆಕ್ಕಕ್ಕೆ ಎಂಬ ಜಗಳ ಹನ್ನೊಂದಕ್ಕೆ ಕೀ ಕೈ ಬದಲಾದ ದಿನವೇ ಹುಟ್ಟುತ್ತದೆ.

— ಡೀಸೆಲ್ ಮೆಕ್ಯಾನಿಕ್, ಹಾಸನ