14 ಜರ್ಸಿ ತೊಟ್ಟ ಪಿಚರ್: ಬರೆಯಲು ಹೊರಟ ತಂಗಿಗೆ

ಪ್ರೀತಿಯ ತಂಗಿ,

ಎಡ್ವಿನ್ ಜಾಕ್ಸನ್ ಬಗ್ಗೆ ನೀನು ಬರೆದಿದ್ದನ್ನು ನಿನ್ನೆ ರಾತ್ರಿ ಎರಡು ಸಲ ಓದಿದೆ. ಅಮೆರಿಕದ ಬೇಸ್‌ಬಾಲ್ ಬಗ್ಗೆ ಕನ್ನಡದಲ್ಲಿ ಬರೆಯುವವರೇ ಕಡಿಮೆ. ಅದರಲ್ಲೂ ದೊಡ್ಡ ತಾರೆಗಳನ್ನು ಬಿಟ್ಟು, ಊರೂರು ಅಲೆದ ಒಬ್ಬ ಪಿಚರ್‌ನನ್ನು, ಅಂದರೆ ನಮ್ಮ ಬೌಲರ್‌ನಂತೆ ಚೆಂಡೆಸೆಯುವವನನ್ನು, ಆರಿಸಿಕೊಂಡೆಯಲ್ಲ, ತುಂಬಾ ಖುಷಿಯಾಯಿತು.

ಆದರೆ ನಿನ್ನ ಮೊದಲ ಸಾಲು ಮನಸ್ಸಿಗೆ ಚುಚ್ಚಿತು. '14 ತಂಡಗಳಿಗೆ ಬೇಡವಾದವನು' ಅಂತ ಶುರು ಮಾಡಿದ್ದೀಯ. ಬಿಡುವ ಮೊದಲು ಅಷ್ಟೂ ತಂಡಗಳು ಅವನನ್ನು ಕರೆಸಿಕೊಂಡಿದ್ದವು, ಅಲ್ವಾ? ವಾಷಿಂಗ್ಟನ್ ಮತ್ತು ಡೆಟ್ರಾಯಿಟ್ ಎರಡೆರಡು ಸಲ ಕರೆದವು. ಅಲ್ಲಿನ ಸೀಸನ್ ಅಂದರೆ 162 ಪಂದ್ಯ. ಐದು ದಿನಕ್ಕೊಮ್ಮೆ ಬಂದು ಜೋರಾಗಿ ಚೆಂಡೆಸೆಯುವ ತೋಳು ಯಾವ ತಂಡಕ್ಕೆ ಬೇಡ? ಜಾಕ್ಸನ್‌ಗೆ ಆ ತೋಳಿತ್ತು. ಚೆಂಡಿನ ಮೇಲಿನ ಹಿಡಿತ ಮಾತ್ರ ಆಗಾಗ ಕೈಕೊಡುತ್ತಿತ್ತು.

ಹಿಂದೆ ನಾನೂ ಇದೇ ತಪ್ಪು ಮಾಡಿದ್ದೆ. ಒಬ್ಬ ಕ್ಲಬ್ ಬೌಲರ್ ಬಗ್ಗೆ 'ಸವೆದು ಹೋದವನು' ಅಂತ ಬರೆದೆ. ಒಂದು ದಿನ ಅವನು ಎದುರು ಸಿಕ್ಕು, 'ಸಾರ್, ನನ್ನ ಬೌಲಿಂಗ್ ನೋಡಿದ್ರಾ?' ಅಂತ ಮೆಲ್ಲಗೆ ಕೇಳಿದ. ನೋಡಿರಲಿಲ್ಲ. ಸ್ಕೋರ್‌ಪಟ್ಟಿ ನೋಡಿ ಬರೆದಿದ್ದೆ. ಆ ಪ್ರಶ್ನೆ ಇವತ್ತಿಗೂ ಮರೆತಿಲ್ಲ. ಅದಕ್ಕೇ ಕೇಳುತ್ತಿದ್ದೇನೆ, ಜಾಕ್ಸನ್ ಚೆಂಡೆಸೆಯುವುದನ್ನು ನೀನು ನೋಡಿದ್ದೀಯಾ?

2003ರ ಸೆಪ್ಟೆಂಬರ್ 9ರಂದು, ತನ್ನ 20ನೇ ಹುಟ್ಟುಹಬ್ಬದ ದಿನವೇ, ಲಾಸ್ ಏಂಜಲೀಸ್‌ನ ಡಾಜರ್ಸ್ ತಂಡದ ಪರ ಮೊದಲ ಪಂದ್ಯ ಆಡಿ, ದಿಗ್ಗಜ ಪಿಚರ್ ರ‍್ಯಾಂಡಿ ಜಾನ್ಸನ್ ಎದುರು ಗೆದ್ದ. ಇದಕ್ಕೆ ಎರಡು ಸಾಲು ಸಾಕು. ನೀನು ಒಂದು ಪುಟ ಕೊಟ್ಟಿದ್ದೀಯ.

ಆ ಪುಟವನ್ನು 2010ರ ಜೂನ್ 25ಕ್ಕೆ ಕೊಡು. ಅವತ್ತು ಅವನು ಅರಿಜೋನಾ ಡೈಮಂಡ್‌ಬ್ಯಾಕ್ಸ್ ತಂಡದಲ್ಲಿದ್ದ. ಎದುರಾಳಿ ಟ್ಯಾಂಪಾ ಬೇ, ಅವನ ಹಳೆಯ ತಂಡ. ಮೈದಾನವೂ ಅವರದೇ. ಸರಿಯಾದ ಜಾಗಕ್ಕೆ ಬರದ ನಾಲ್ಕು ಚೆಂಡು ಎಸೆದರೆ ಬ್ಯಾಟರ್‌ಗೆ ಒಂದು ಬೇಸ್, ಅಂದರೆ ರನ್‌ಗಾಗಿ ಓಡುವ ದಾರಿಯ ಒಂದು ನಿಲ್ದಾಣ, ಪುಕ್ಕಟೆ. ಅದಕ್ಕೆ ವಾಕ್ ಅನ್ನುತ್ತಾರೆ. ನಮ್ಮ ವೈಡ್‌ನ ಹೋಲಿಕೆ ಕೊಟ್ಟರೆ ಓದುಗರಿಗೆ ಬೇಗ ತಿಳಿಯುತ್ತದೆ. ಮೊದಲ ಮೂರು ಇನಿಂಗ್ಸ್‌ನಲ್ಲೇ ಅವನು ಏಳು ವಾಕ್ ಕೊಟ್ಟ. ಮೂರನೆಯದರಲ್ಲಿ ಒಬ್ಬನೂ ಔಟಾಗುವ ಮೊದಲೇ ಮೂರೂ ಬೇಸ್ ತುಂಬಿದ್ದವು. ಅಲ್ಲಿಂದ ಒಂದೂ ರನ್ ಕೊಡದೆ ಹೊರಬಂದ. ಸುಮಾರು 100 ಚೆಂಡಿಗೆ ಪಿಚರ್‌ನನ್ನು ತೆಗೆಯುವ ಕಾಲ ಅದು. ಅವನು 149 ಎಸೆದ. ಒಂಬತ್ತು ಇನಿಂಗ್ಸ್ ಮುಗಿದಾಗ ಟ್ಯಾಂಪಾ ಬೇಗೆ ಒಂದೂ ಹಿಟ್, ಅಂದರೆ ಚೆಂಡು ಹೊಡೆದು ಬೇಸ್ ಮುಟ್ಟುವ ಹೊಡೆತ, ಸಿಕ್ಕಿರಲಿಲ್ಲ. ಪಂದ್ಯ 1-0. ನೋ-ಹಿಟರ್ ಅನ್ನುವುದು ಇದಕ್ಕೇ. ಎಷ್ಟೋ ದೊಡ್ಡ ಪಿಚರ್‌ಗಳಿಗೆ ಜೀವಮಾನದಲ್ಲಿ ಒಂದೂ ಸಿಕ್ಕಿಲ್ಲ.

ಐದು ವಾರ ಕಳೆಯುವಷ್ಟರಲ್ಲಿ ಆಟಗಾರರ ವಿನಿಮಯದಲ್ಲಿ ಅವನನ್ನು ಶಿಕಾಗೋ ವೈಟ್ ಸಾಕ್ಸ್ ತಂಡಕ್ಕೆ ಕೊಟ್ಟುಬಿಟ್ಟರು. ಇದನ್ನು ಹೇಳುವಾಗ 'ಅಯ್ಯೋ ಪಾಪ' ಸೇರಿಸಬೇಡ. ತಾರೀಖು ಬರೆದು ಸುಮ್ಮನಿರು.

ಮರುವರ್ಷ ಜುಲೈ 27ರದು ಇನ್ನೂ ವಿಚಿತ್ರ. ವೈಟ್ ಸಾಕ್ಸ್ ಅವನನ್ನು ಟೊರಾಂಟೊಗೆ ಕೊಟ್ಟಿತು, ಟೊರಾಂಟೊ ಅದೇ ದಿನ ಸೇಂಟ್ ಲೂಯಿಸ್‌ಗೆ ದಾಟಿಸಿತು. ಆ ವರ್ಷವೇ ಸೇಂಟ್ ಲೂಯಿಸ್ ವರ್ಲ್ಡ್ ಸೀರೀಸ್, ಅಂದರೆ ಸೀಸನ್‌ನ ಕೊನೆಯ ಫೈನಲ್ ಸರಣಿ, ಗೆದ್ದಿತು. ಅವತ್ತು ತೊಡದೇ ಬಿಟ್ಟ ಟೊರಾಂಟೊ ಜರ್ಸಿಯನ್ನು ಅವನು ತೊಟ್ಟಿದ್ದು 2019ರಲ್ಲಿ. ಅದೇ ಅವನ 14ನೇ ತಂಡ, ಅತಿ ಹೆಚ್ಚು ತಂಡಗಳಿಗೆ ಆಡಿದ ದಾಖಲೆಯೂ ಅದೇ! ನಿನ್ನ ಲೇಖನದಲ್ಲಿ ಇದು ಎಲ್ಲೂ ಇಲ್ಲ.

ಸೋಲುಗಳನ್ನು ಮುಚ್ಚಿಡಬೇಡ. ಒಟ್ಟು 107 ಗೆಲುವು, 133 ಸೋಲು. ಶಿಕಾಗೋ ಕಬ್ಸ್ ನಾಲ್ಕು ವರ್ಷಕ್ಕೆ 5.2 ಕೋಟಿ ಡಾಲರ್ ಕೊಟ್ಟು ಕರೆತಂದ ಮೊದಲ ಸೀಸನ್‌ನಲ್ಲೇ 18 ಪಂದ್ಯ ಸೋತ. ಹಾಗೇ ಬರೆ.

ಇನ್ನೊಂದು ತಿದ್ದುಪಡಿ. ದಾಖಲೆ ಈಗ ಅವನೊಬ್ಬನದೇ ಅಲ್ಲ. 2025ರಲ್ಲಿ 45 ವಯಸ್ಸಿನ ಪಿಚರ್ ರಿಚ್ ಹಿಲ್ ಕ್ಯಾನ್ಸಸ್ ಸಿಟಿ ಪರ ಆಡಿ ಸರಿಗಟ್ಟಿದ.

ಆ ಮೂರನೇ ಇನಿಂಗ್ಸ್‌ನ ವಿಡಿಯೊ ಹುಡುಕಿ ನೋಡು. ಬೇಸ್ ತುಂಬಿದಾಗ ಅವನ ಮುಖ ಹೇಗಿತ್ತು, ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ಎಷ್ಟು ಸಲ ಎದ್ದು ಬಂದ, ಬರೆದುಕೋ. ಆಮೇಲೆ ಮೊದಲ ಸಾಲು ಬದಲಿಸಿ ಕಳಿಸು. ಕಾಯುತ್ತಿರುತ್ತೇನೆ.

ಇಂತಿ,
ನಿನ್ನ ಅಣ್ಣ